ಬುಖಾರಾಕ್ಕೆ ಬರುವ ಅಕ್ಕನಿಗೆ

ಬುಖಾರಾ, ಅಕ್ಟೋಬರ್

ಪ್ರೀತಿಯ ಅಕ್ಕ,

ನೀನೂ ಭಾವನವರೂ ಮುಂದಿನ ವರ್ಷ ಈ ಕಡೆ ಬರುವವರಿದ್ದೀರಲ್ಲ, ಅದಕ್ಕೇ ಬಿಸಿ ಆರುವ ಮೊದಲೇ ಎಲ್ಲ ಬರೆಯುತ್ತಿದ್ದೇನೆ. ಜುಲೈ ಮಾತ್ರ ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಇಲ್ಲವೇ ಅಕ್ಟೋಬರ್ ಹಿತ. ರೈಲು ನಿಲ್ಲುವುದು ಕಾಗಾನ್‌ನಲ್ಲಿ. ಹಳೆ ಊರು ಅಲ್ಲಿಂದ 10 ಕಿಲೋಮೀಟರಿಗೂ ಹೆಚ್ಚು. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಲ್ಯಾಬಿ ಹೌಜ್ ಕೊಳದ ಸುತ್ತಿನ ಗಲ್ಲಿಗಳಲ್ಲೇ ಉಳಿಯಿರಿ, ಎಲ್ಲ ಕಡೆಗೂ ನಡೆದೇ ಹೋಗಬಹುದು.

ಕಲ್ಯಾನ್ ಮಿನಾರಿಗೆ ಜನ ಸೇರುವ ಮೊದಲೇ ಹೋಗಿ. 1127ರಲ್ಲಿ ಕಟ್ಟಿದ್ದು, 1220ರಲ್ಲಿ ಚೆಂಗೀಸ್ ಖಾನನ ಸೇನೆ ಊರು ಹಾಳುಮಾಡಿದಾಗಲೂ ಉಳಿದುಕೊಂಡಿತು. ಪಕ್ಕದ ಮೀರ್-ಇ-ಅರಬ್ ಮದ್ರಸಾದಲ್ಲಿ ಇಂದಿಗೂ ಪಾಠ ನಡೆಯುತ್ತದೆ, ಹಾಗಾಗಿ ಒಳಗೆಲ್ಲ ಓಡಾಡಲು ಬಿಡುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರಕ್ಕೆ ಉಲುಗ್ ಬೇಗ್ 1417ರಲ್ಲಿ ಕಟ್ಟಿಸಿದ ಮದ್ರಸಾ. ಅದರ ಮುಂದೆ ನಿಂತರೆ ನಮ್ಮ ಬೀದರಿನ ಮಹಮೂದ್ ಗವಾನ್ ಮದ್ರಸಾ ಕಣ್ಣಿಗೆ ಕಟ್ಟುತ್ತದೆ, ಅಕ್ಕ. 1472ರ ನಮ್ಮ ಕಟ್ಟಡ ಎದ್ದದ್ದು ಈ ನಾಡಿನ ಮಾದರಿಯಲ್ಲೇ: ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಗೋಡೆಗೆ ಬಣ್ಣದ ಬಿಲ್ಲೆಗಳು. ಅಲ್ಲಿ ಉದುರಿಹೋದದ್ದು ಹೇಗಿದ್ದಿರಬೇಕು ಎಂಬುದು ನನಗೆ ಇಲ್ಲಿ ತಿಳಿಯಿತು. ಹೊರಡುವ ಮೊದಲು ಆ ಗೋಡೆಯಲ್ಲಿ ಉಳಿದಿರುವ ನೀಲಿ ತುಣುಕುಗಳನ್ನು ಒಮ್ಮೆ ಚೆನ್ನಾಗಿ ನೋಡಿಕೊಂಡು ಬಾ.

ಇನ್ನು ಇಸ್ಮಾಯಿಲ್ ಸಾಮಾನಿಯ ಗೋರಿ. ಹತ್ತನೇ ಶತಮಾನದ ಸಣ್ಣ ಚೌಕಾಕಾರದ ಕಟ್ಟಡ. ಬಣ್ಣದ ಸೋಂಕಿಲ್ಲ, ಬರೀ ಸುಟ್ಟ ಇಟ್ಟಿಗೆ. ಅದನ್ನೇ ಅಡ್ಡ, ಉದ್ದ, ಓರೆಯಾಗಿಟ್ಟು ಬುಟ್ಟಿ ಹೆಣೆದಂತೆ ಗೋಡೆ ಹೆಣೆದಿದ್ದಾರೆ. ಬೆಳಿಗ್ಗೆ ನೋಡಿದವರು ಸಂಜೆಯೂ ನೋಡಬೇಕು. ನೆರಳು ತಿರುಗಿದಂತೆ ಗೋಡೆಯ ಚಿತ್ತಾರವೇ ಬೇರೆಯಾಗುತ್ತದೆ. ನನ್ನ ಕೇಳಿದರೆ ಇಡೀ ಬುಖಾರಾದಲ್ಲಿ ಇದಕ್ಕಿಂತ ಚೆಂದದ್ದಿಲ್ಲ.

ಭಾವನವರು ಮಾಂಸ ಮುಟ್ಟುವವರಲ್ಲ. ಇಲ್ಲಿಯ ಪಲಾವಿನಲ್ಲಿ ಮಾಂಸ ಇದ್ದೇ ಇರುತ್ತದೆ; ಕುಂಬಳಕಾಯಿ ಸೋಮ್ಸಾದಲ್ಲೂ ಕುರಿಬಾಲದ ಕೊಬ್ಬು ಸೇರಿಸುವುದುಂಟು, ಕೇಳಿಯೇ ತೆಗೆದುಕೊಳ್ಳಿ. ತಂದೂರಿನ ರೊಟ್ಟಿ, ಟೊಮೆಟೊ-ಈರುಳ್ಳಿಯ ಅಚ್ಚಿಚುಕ್, ಕರಬೂಜ, ಒಣದ್ರಾಕ್ಷಿ ಧಾರಾಳ ಸಿಗುತ್ತವೆ. ರೊಟ್ಟಿಯನ್ನು ಮಗುಚಿ ಇಡಬೇಡಿ, ಅದು ಅನ್ನಕ್ಕೆ ಅಗೌರವ. ಪಿಯಾಲೆಗೆ ಅರ್ಧವೇ ಚಹಾ ಸುರಿದರೆ ಕಡಿಮೆಯಾಯಿತೆನ್ನಬೇಡಿ. ಮತ್ತೆ ಮತ್ತೆ ಬಿಸಿಬಿಸಿ ಹಾಕಿಕೊಡುವುದೇ ಇವರ ಮರ್ಯಾದೆ.

ಒಂದು ಮಾತು ನಡೆಸಿಕೊಡು. ಸಮರ್ಕಂದಿನಿಂದ ಬೆಳಿಗ್ಗೆ ಬಂದು ಸಂಜೆಗೆ ಮರಳುವ ಟಿಕೆಟ್ ತೆಗೆಸಬೇಡ. ಎರಡು ರಾತ್ರಿಯಾದರೂ ಇಲ್ಲಿ ಉಳಿಯಿರಿ.

ಅವ್ವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ