ಮಾತ್ರೆ ಹತ್ತಿರ ಇದ್ದರೂ

ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ಗೆಳತಿ ಈಗಷ್ಟೇ ಫೋನ್ ಇಟ್ಟಳು. ಅವಳ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

"ಎಚ್‌ಐವಿ ಮಾತ್ರೆ ನಿಮ್ಮ ತಾಲ್ಲೂಕ್ ದವಾಖಾನ್ಯಾಗ ಸಿಗ್ತಾವು, ಅಲ್ಲೇ ತಗೋರಿ ಅಂದ್ರ, ಬ್ಯಾಡ್ರಿ ಮೇಡಂ, ಅಲ್ಲಿ ನಮ್ಮೂರವ್ರು ಇರ್ತಾರ ಅಂತಾರ."

ಹತ್ತಿರದ್ದು ಬಿಟ್ಟು, ಒಂದು ದಿನದ ಕೂಲಿಯನ್ನೂ ಬಿಟ್ಟು, ದೂರದೂರಿನ ಬಸ್ಸು ಹತ್ತುತ್ತಾರೆ. ಕೂಲಿ ಬಿಡಲು ಆಗದ ತಿಂಗಳು ಮಾತ್ರೆಯೇ ತಪ್ಪುತ್ತದೆ.

ಒಬ್ಬರ ವರ್ಷದ ಔಷಧಿಗೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಕಾಲವಿತ್ತು. 2001ರಲ್ಲಿ ನಮ್ಮ ಮುಂಬಯಿಯ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡ್ತೀವಿ ಅಂತ ಮುಂದೆ ಬಂತು. 2004ರ ಏಪ್ರಿಲ್‌ನಿಂದ ನಮ್ಮ ಸರ್ಕಾರ ಉಚಿತವಾಗಿ ಕೊಡತೊಡಗಿತು. ಈಗ ಬಹಳಷ್ಟು ಜನಕ್ಕೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. (ಈ ಒಂದು ವಿಷಯ ಪ್ರತಿ ಊರಿನ ಗೋಡೆ ಮೇಲೆ ಬರೆಯಬೇಕು ಅನಿಸುತ್ತೆ ನನಗೆ.) ಅಂದರೆ ಮಾತ್ರೆ ತಪ್ಪುತ್ತಾ ಹೋದರೆ ಚಿಕಿತ್ಸೆಯೂ ತಪ್ಪಿತು, ತಡೆಯೂ ತಪ್ಪಿತು.

ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಎಚ್‌ಐವಿ ವಿಷಯ ಬಾಯಿಬಿಡಬಾರದು ಅಂತ 2017ರ ಕಾಯ್ದೆಯೇ ಇದೆ. ಆದರೆ ಈ ಮಾತ್ರೆಗೇ ಬೇರೆ ಕೋಣೆ, ಅದಕ್ಕೊಂದು ಬೋರ್ಡು, ಮುಂದೆ ಬೆಂಚು ಅಂತಿದ್ದರೆ ಯಾರೂ ಬಾಯಿಬಿಡಬೇಕಾಗಿಯೇ ಇಲ್ಲ.

ಬಿಪಿ, ಶುಗರ್ ಮಾತ್ರೆ ಕೊಡುವ ಕೌಂಟರಿನಲ್ಲೇ ಇದನ್ನೂ ಕೊಡಬಹುದಲ್ವಾ, ಸ್ಥಿರವಾಗಿರುವವರಿಗೆ ಮೂರು ತಿಂಗಳದ್ದು ಒಟ್ಟಿಗೆ? ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ಹೀಗೆ ಮಾಡೋಕೆ ಏನು ಅಡ್ಡ ಬರುತ್ತೆ, ಹೇಳಿ.