ಟಗರಿನ ಹುಬ್ಬು

ಸೋಮವಾರ. ಓಹಾಯೋಗೆ ಬಂದು ಎರಡು ತಿಂಗಳಾಯಿತು. ಮಗಳು ಇಲ್ಲಿನ ಒಂದು ಸಣ್ಣ ಖಾಸಗಿ ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಊಟಕ್ಕೆ ಕೂತಾಗ ತಟ್ಟೆಗಳ ನಡುವೆ ಮೂರು ಹಾಳೆ ಹರಡಿ, "ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ಯಲ್ಲ, ಯಾವುದು ಚೆನ್ನಾಗಿದೆ ಹೇಳಪ್ಪ" ಅಂದಳು. ಮೂರರಲ್ಲೂ ಟಗರು. ಮೂರೂ ಯಾರ ಮೇಲೋ ಹರಿಹಾಯಲು ಹೊರಟಂತಿವೆ. ಕಾಲೇಜಿಗೂ ಟಗರಿಗೂ ಏನಮ್ಮ ಸಂಬಂಧ ಅಂದೆ. "ಅದು ನಮ್ಮ ಮ್ಯಾಸ್ಕಾಟು. ಹಳೇದು ತೀರಾ ಸಾಧು ಆಯ್ತು ಅಂತ ಹೊಸದು ಬರೆಸ್ತಿದಾರೆ. ಹುಡುಗರು ಸೇರಬೇಕಲ್ಲಪ್ಪ." ಕೊನೆಯ ವಾಕ್ಯವನ್ನು ಅವಳು ಎಷ್ಟು ಸಹಜವಾಗಿ ಹೇಳಿದಳೆಂದರೆ, ಮರುಪ್ರಶ್ನೆ ಹಾಕಲು ನಾಚಿಕೆಯಾಯಿತು.

ಹಾಸಿಗೆಗೆ ಹೋದ ಮೇಲೂ ಅದೇ ಯೋಚನೆ. ಹದಿನೆಂಟರ ಹುಡುಗ ಕಾಲೇಜು ಆರಿಸುವುದು ಟಗರಿನ ಮುಖ ನೋಡಿಯೆ?

*

ಮ್ಯಾಸ್ಕಾಟು ಎಂದರೇನೆಂದು ಊರಿನ ಗೆಳೆಯರಿಗೆ ಹೇಗೆ ಹೇಳುವುದು? ಲಾಂಛನ ಎಂದರೆ ಸಾಲದು. ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಗಂಡಭೇರುಂಡವಿದೆ. ಆನೆಗಳನ್ನೇ ಎತ್ತಿಕೊಂಡು ಹಾರುವ ಹಕ್ಕಿ ಅಂತ ಕತೆ. ಹಾಗಿದ್ದೂ ಪದವಿ ಪತ್ರದ ನೆತ್ತಿಯಲ್ಲಿ ಮರ್ಯಾದೆಯಿಂದ ಕೂತಿದೆ. ಅದರ ವೇಷ ಹೊಲಿಸಿ ತೊಟ್ಟು, ಕ್ರಿಕೆಟ್ ಮ್ಯಾಚಿನ ಬೌಂಡರಿ ಪಕ್ಕ ಯಾರಾದರೂ ಲಾಗ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಅದನ್ನೇ ಮಾಡುತ್ತಾರೆ. ಹತ್ತಿರದ ಹೋಲಿಕೆ ಎಂದರೆ ನಮ್ಮ ಗಾರುಡಿ ಗೊಂಬೆ, ಕರಾವಳಿಯವರ ತಟ್ಟಿರಾಯ. ಮೇಲೆ ದೊಡ್ಡ ತಲೆ, ಒಳಗೆ ಬೆವರುವ ಒಬ್ಬ ಮನುಷ್ಯ. ವ್ಯತ್ಯಾಸವೆಂದರೆ ತಟ್ಟಿರಾಯನನ್ನು ನೋಡಿ ಯಾರೂ ನಾಲ್ಕು ವರ್ಷದ ಫೀಸು ಕಟ್ಟುವುದಿಲ್ಲ.

*

ಬುಧವಾರ. ಮಗಳು ತಾಳ್ಮೆಯಿಂದ ಲೆಕ್ಕ ಹೇಳಿದಳು. ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಮರುವರ್ಷದ ಆರ್ಥಿಕ ಕುಸಿತದಿಂದ ಇಳಿಯಲು ಶುರುವಾದ ಆ ಸಂಖ್ಯೆ ಮತ್ತೆ ಅಲ್ಲಿಗೆ ಏರಲೇ ಇಲ್ಲ. ಈಗೀಗ ವರ್ಷಕ್ಕೆ 36 ಲಕ್ಷದ ಆಸುಪಾಸು. 2007ಕ್ಕೆ ಹದಿನೆಂಟು ಕೂಡಿಸಿದರೆ 2025. ಅಲ್ಲಿಂದ ಮುಂದೆ ಕಾಲೇಜಿನ ಬಾಗಿಲಿಗೆ ಬರುವ ಹುಡುಗರೇ ಕಡಿಮೆ. ಹಾರ್ವರ್ಡಿಗೆ ಚಿಂತೆಯಿಲ್ಲ. ಫೀಸಿನ ಮೇಲೇ ನಿಂತಿರುವ ಸಣ್ಣ ಕಾಲೇಜುಗಳ ಎದೆ ಡವಗುಟ್ಟುತ್ತಿದೆ.

ಹೆದರಿಕೆ ನಿಜವಾದದ್ದೇ. ಅದರ ಮದ್ದು ಟಗರು ಎಂಬುದು ಮಾತ್ರ ಇನ್ನೂ ತಲೆಗೆ ಇಳಿದಿಲ್ಲ.

ನಗುವ ಮುಂಚೆ ನಮ್ಮ ಕಡೆಯದನ್ನೂ ನೆನೆದುಕೊಳ್ಳಬೇಕು. ಪಿಯುಸಿ ಫಲಿತಾಂಶದ ಮರುದಿನ ಪೇಪರಿನ ಮುಖಪುಟದಲ್ಲಿ ಕಾಲೇಜಿನವರು ರ‍್ಯಾಂಕ್ ಬಂದ ಮಕ್ಕಳ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಹರಡಿರುತ್ತಾರೆ. ನಿದ್ದೆಗೆಟ್ಟ ಕಣ್ಣು, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಅವರೇ ನಮ್ಮ ಮ್ಯಾಸ್ಕಾಟುಗಳು. ಟಗರಿನ ವೇಷವನ್ನಾದರೂ ಬಿಚ್ಚಿ ಗೂಟಕ್ಕೆ ತಗುಲಿಹಾಕಬಹುದು.

*

ಹಾಳೆಗಳನ್ನು ಮತ್ತೆ ನೋಡಿದೆ. ಮೂರೂ ಬೇರೆ ಎನ್ನುತ್ತಾರೆ. ನನ್ನ ಕಣ್ಣಿಗೆ ಬದಲಾದದ್ದು ಒಂದೇ, ಹುಬ್ಬು. ಹಳೆಯ ಟಗರಿಗೆ ಹುಬ್ಬೇ ಇರಲಿಲ್ಲ, ಬರೀ ಎರಡು ಗುಂಡು ಕಣ್ಣು. ಹೊಸ ಮೂರರಲ್ಲೂ ಹುಬ್ಬು ಮೂಗಿನ ಕಡೆಗೆ ಇಳಿಜಾರಾಗಿ ಬಂದು ಕಣ್ಣನ್ನು ಅರ್ಧ ಮುಚ್ಚಿದೆ. ಡ್ರಾಯಿಂಗ್ ಕ್ಲಾಸಿನಲ್ಲಿ ಆರನೇ ತರಗತಿಗೆ ಹೇಳಿಕೊಡುವ ಮೊದಲ ಉಪಾಯ ಇದು: ಎರಡು ಗೆರೆ ಹೀಗೆ ಎಳೆದರೆ ಕೋಪ, ಹಾಗೆ ಎಳೆದರೆ ಅಳು.

ಈ ಹುಬ್ಬು ನಮಗೂ ಹೊಸದಲ್ಲ. ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಊರ ಹುಡುಗರ ಧ್ವಜಕ್ಕೆಂದು ಬಿಡಿಸಿಕೊಟ್ಟ ಹನುಮನ ಮುಖ ಬೆಂಗಳೂರಿನ ಕಾರುಗಳ ಹಿಂದಿನ ಗಾಜಿನ ತುಂಬ ಹಬ್ಬಿತಲ್ಲ, ಅದೇ ಗೆರೆ. ಅದಕ್ಕೆ ಮುಂಚಿನ ಕ್ಯಾಲೆಂಡರಿನ ಹನುಮ ಎದೆ ಬಗೆದು ತೋರಿಸುತ್ತಿದ್ದಾಗಲೂ ಮುಖದಲ್ಲಿ ಶಾಂತವಾಗಿಯೇ ಇರುತ್ತಿದ್ದ.

*

ಇಂಥ ಸುಧಾರಣೆಗಳು ಏನಾದವೆಂದು ಹುಡುಕುತ್ತಾ ಕೂತೆ. ಸೇಂಟ್ ಲೂಯಿ ವಿಶ್ವವಿದ್ಯಾಲಯದ ಬಿಲಿಕೆನ್ ಗುಂಡು ಹೊಟ್ಟೆಯ, ಕಿಸಕ್ಕೆನ್ನುವ ಅದೃಷ್ಟದ ಗೊಂಬೆ. 2016ರಲ್ಲಿ ಅದಕ್ಕೆ ಹೊಸ ವೇಷ ಹೊಲಿಸಿದರೆ ಜನ ದೆವ್ವ ಕಂಡವರಂತೆ ಬೆಚ್ಚಿದರು. ಮುಖವನ್ನು ಮತ್ತೆ ತಿದ್ದಬೇಕಾಯಿತು. ಪರ್ಡ್ಯೂ ವಿಶ್ವವಿದ್ಯಾಲಯದ ಸುತ್ತಿಗೆ ಹಿಡಿದ ಪೀಟ್‌ಗೆ 2011ರ ಏಪ್ರಿಲ್‌ನಲ್ಲಿ ಹೊಸ ರೂಪ ಕೊಟ್ಟು, ಬೈಗುಳ ತಾಳಲಾರದೆ ಕೆಲವೇ ದಿನಗಳಲ್ಲಿ ಹಳೆಯವನನ್ನೇ ಕರೆತಂದರು.

ಆರೆಗನ್ ವಿಶ್ವವಿದ್ಯಾಲಯದ ಕತೆ ಇನ್ನೂ ರುಚಿ. ಅಲ್ಲಿಯದು ಬಾತುಕೋಳಿ, ಅದೂ ಸಾಕ್ಷಾತ್ ಡೊನಾಲ್ಡ್ ಡಕ್. 1947ರಲ್ಲಿ ಕ್ರೀಡಾ ನಿರ್ದೇಶಕ ಲಿಯೋ ಹ್ಯಾರಿಸ್ ವಾಲ್ಟ್ ಡಿಸ್ನಿಯ ಕೈಕುಲುಕಿ ಒಪ್ಪಿಗೆ ಪಡೆದಿದ್ದರು. ಪತ್ರವಿಲ್ಲ, ರುಜುವಿಲ್ಲ. ಡಿಸ್ನಿ ತೀರಿಕೊಂಡ ಮೇಲೆ ಕಂಪನಿಯ ವಕೀಲರು ಪುರಾವೆ ಕೇಳಿದಾಗ ತೋರಿಸಲು ಇದ್ದದ್ದು ಆ ಬಾತಿನ ಚಿತ್ರವಿರುವ ಜಾಕೆಟ್ ತೊಟ್ಟು ಡಿಸ್ನಿ ನಿಂತಿದ್ದ ಒಂದು ಫೋಟೋ. ಅದೇ ಸಾಕಾಯಿತು. ಇಷ್ಟೆಲ್ಲ ಆಗಿ ಉಳಿದ ಬಾತಿಗೆ 2002ರಲ್ಲಿ ಒಬ್ಬ ಜೊತೆಗಾರ ಬಂದ: ಎದೆ ಸೆಟೆದ, ಮಾಂಸಖಂಡ ಉಬ್ಬಿದ ಹೊಸ ಬಾತು. ಜನ ಅದಕ್ಕೆ ರೋಬೋಡಕ್ ಎಂದು ಅಡ್ಡಹೆಸರಿಟ್ಟು ಅಟ್ಟಿಸಿದರು. ಮರುವರ್ಷ ಅದರ ಸುಳಿವಿಲ್ಲ. ಹಳೆಯ ಬಾತು ನಾವಿಕನ ಟೋಪಿ ಹಾಕಿಕೊಂಡು ಈಗಲೂ ಕುಣಿಯುತ್ತಿದೆ.

*

ಎಲ್ಲ ಬದಲಾವಣೆಯೂ ಹುಚ್ಚಾಟವಲ್ಲ. ಆಮ್ಹರ್ಸ್ಟ್ ಕಾಲೇಜು ತನ್ನ ಲಾರ್ಡ್ ಜೆಫ್‌ನನ್ನು ಕೈಬಿಟ್ಟಿತು. ಆತ ಮೂಲನಿವಾಸಿಗಳಿಗೆ ಸಿಡುಬಿನ ಕಂಬಳಿ ಹಂಚುವ ಯೋಚನೆಗೆ 1763ರ ಪತ್ರದಲ್ಲಿ ಹೂಂ ಎಂದಿದ್ದ ಸೇನಾಧಿಪತಿ. ಆ ಜಾಗಕ್ಕೆ 2017ರಲ್ಲಿ ಬಂದದ್ದು ಮ್ಯಾಮತ್, ಕಾಲೇಜಿನ ಮ್ಯೂಸಿಯಮ್ಮಿನಲ್ಲೇ ಅಸ್ಥಿಪಂಜರವಾಗಿ ನಿಂತಿದ್ದ ಪ್ರಾಣಿ. ಇಂಥದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪಾಪದ ಟಗರು ಯಾರಿಗೆ ಏನು ಮಾಡಿತ್ತು?

*

ಗುರುವಾರ. ನನಗೆ ಬಹಳ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್. ಅಲ್ಲಿನ ರೆಡ್‌ವುಡ್ ಕಾಡಿನ ನೆಲದ ಮೇಲೆ ಚಿಪ್ಪಿಲ್ಲದ ಬಸವನಹುಳುವೊಂದು ಹರಿದಾಡುತ್ತದೆ, ಮಾಗಿದ ಬಾಳೆಹಣ್ಣಿನ ಬಣ್ಣ, ಮೈಯೆಲ್ಲ ಲೋಳೆ. ವಿಶ್ವವಿದ್ಯಾಲಯದ ಹುಡುಗರು ತಮಾಷೆಗೆ ಅದನ್ನೇ ತಮ್ಮ ಗುರುತು ಮಾಡಿಕೊಂಡಿದ್ದರು. 1980ರ ಹೊತ್ತಿಗೆ ದೊಡ್ಡ ಪಂದ್ಯಾವಳಿಗಳಿಗೆ ಸೇರಲು ಅಧಿಕೃತ ಹೆಸರು ಬೇಕಾಯಿತು. ಕುಲಪತಿ ರಾಬರ್ಟ್ ಸಿನ್ಶೈಮರ್ ಆರಿಸಿದ್ದು ಕಡಲಸಿಂಹ. ಬ್ಯಾಸ್ಕೆಟ್‌ಬಾಲ್ ಅಂಗಳದ ಮೇಲೆ ಅದರ ಚಿತ್ರವನ್ನೂ ಬರೆಸಿದರು. ಹುಡುಗರು ಒಪ್ಪಲಿಲ್ಲ. 1986ರಲ್ಲಿ ಮತ ಹಾಕಿದಾಗ ಹುಳುವಿನ ಮುಂದೆ ಸಿಂಹ ನೆಲಕಚ್ಚಿತು. ಕೊನೆಗೆ ಕುಲಪತಿಗಳೇ ಮಣಿದರು. 1994ರ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಜಾನ್ ಟ್ರವೋಲ್ಟಾ ಆ ಹುಳುವಿನ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಾನೆ. ಯಾವ ಬ್ರ್ಯಾಂಡಿಂಗ್ ಸಮಿತಿ ತಾನೇ ಅಂಥ ಜಾಹೀರಾತನ್ನು ಕೊಳ್ಳಬಲ್ಲದು?

ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್‌ನಲ್ಲಿ ಅಧಿಕೃತ ಹೆಸರು ಮುತ್ಸದ್ದಿಗಳು. ಹುಡುಗರು ಪ್ರೀತಿಸುವುದು ಗುದ್ದಾಟಕ್ಕೆ ನಿಂತ ಬೆಂಡೆಕಾಯಿಯನ್ನು. ಅದಕ್ಕೂ ಹುಬ್ಬು ಗಂಟಿಕ್ಕಿದೆ, ಆದರೆ ಬೆಂಡೆಕಾಯಿಗೆ ಕೋಪ ಬಂದರೆ ನಗುವೇ ತಾನೇ ಬರುವುದು. ಇದನ್ನು ಮಗಳಿಗೆ ಹೇಳಿದೆ. "ಅಪ್ಪಾ, ತಮಾಷೆಯನ್ನ ನಾವು ಆಫೀಸಿನಲ್ಲಿ ಕೂತು ತಯಾರು ಮಾಡಕ್ಕಾಗತ್ತಾ?" ಅಂದಳು. ಬುದ್ಧಿವಂತೆ.

ಅವಳೇ ಇನ್ನೊಂದು ಹೇಳಿದಳು. 1984ರಲ್ಲಿ ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಪಂದ್ಯದ ಕೊನೆಯ ಗಳಿಗೆಯಲ್ಲಿ ಎಸೆದ ಚೆಂಡಿನಿಂದ ಮಯಾಮಿ 47-45ಕ್ಕೆ ಸೋತಿತು. ಆ ಕಾಲೇಜಿಗೆ ಬರುವ ಅರ್ಜಿಗಳು ಏರಿದವು. ಅಡ್ಮಿಷನ್ ಆಫೀಸುಗಳಲ್ಲಿ ಅಂಥ ಏರಿಕೆಯನ್ನು ಇವತ್ತಿಗೂ ಫ್ಲೂಟಿಯ ಹೆಸರಿನಿಂದಲೇ ಕರೆಯುತ್ತಾರಂತೆ. ಹಾಗಾದರೆ ಕರೆತಂದದ್ದು ಚೆಂಡಲ್ಲವೇನಮ್ಮ, ವೇಷ ಎಲ್ಲಿ ಬಂತು ಅಂದೆ. "ಚೆಂಡು ನಮ್ಮ ಕೈಲಿಲ್ಲಪ್ಪ. ವೇಷ ಇದೆ."

*

ಶನಿವಾರ. ಮೊಮ್ಮಗನ ಜೊತೆ ಕಾಲೇಜಿನ ಫುಟ್‌ಬಾಲ್ ಪಂದ್ಯಕ್ಕೆ ಹೋದೆ. ಆಟ ಅರ್ಥವಾಗಲಿಲ್ಲ. ಹಳೆಯ ಟಗರನ್ನು ಮಾತ್ರ ಕಣ್ತುಂಬ ನೋಡಿದೆ. ಮೊಣಕಾಲಿನ ಹತ್ತಿರ ಉಣ್ಣೆ ಸವೆದು ಬಟ್ಟೆ ಕಾಣುತ್ತಿತ್ತು. ಎಡಗೊಂಬಿಗೆ ಟೇಪು ಸುತ್ತಿದ್ದರು. ಒಳಗಿರುವವರು ಮಾತಾಡಬಾರದು, ಜನರೆದುರು ತಲೆ ತೆಗೆಯಬಾರದು ಎಂಬುದು ಕಟ್ಟುನಿಟ್ಟಂತೆ. ನಮ್ಮ ಗಾರುಡಿ ಗೊಂಬೆಯವನಿಗೆ ಹೊಟ್ಟೆಯ ಕಿಂಡಿಯಾದರೂ ಇರುತ್ತದೆ. ಮಕ್ಕಳು ಸಾಲುಗಟ್ಟಿ ಟಗರಿನ ಹೊಟ್ಟೆಗೆ ಮುಖ ಒತ್ತಿ ನಿಂತಿದ್ದರು, ನಮ್ಮವನೂ. ಸಿನ್ಸಿನಾಟಿಯ ಕ್ಸೇವಿಯರ್‌ನಲ್ಲಿ ಮೀಸೆಯ ಕತ್ತಿವೀರನನ್ನು ಕಂಡು ಮಕ್ಕಳು ಅಳುತ್ತಾರೆಂದೇ 1985ರಲ್ಲಿ ನೀಲಿ ಉಂಡೆಯೊಂದನ್ನು ಜೊತೆಗೆ ತಂದರಂತೆ. ಇಲ್ಲಿ ಅಳದ ಮಕ್ಕಳ ಮುಂದೆ ಹುಬ್ಬು ಗಂಟಿಕ್ಕಲು ಹೊರಟಿದ್ದಾರೆ. ಈ ಮಕ್ಕಳಿಗೆ ಹದಿನೆಂಟಾಗುವುದು ಇನ್ನೂ ಹತ್ತು ವರ್ಷಕ್ಕೆ ಎನ್ನುವುದೂ ನಿಜ. ಸಮಿತಿಗೆ ಅಷ್ಟು ಪುರಸೊತ್ತಿಲ್ಲ.

*

ಮಂಗಳವಾರ. ಮಗಳು ಆಫೀಸಿನಿಂದ ಫೋನ್ ಮಾಡಿದಳು. ಎರಡನೆಯ ಹಾಳೆಯಲ್ಲಿ ಹುಬ್ಬು ಅಳಿಸಿ ನಾನು ಪೆನ್ಸಿಲಿನಲ್ಲಿ ತಿದ್ದಿಕೊಟ್ಟಿದ್ದನ್ನು ಸಭೆಯಲ್ಲಿ ತೋರಿಸಿದಳಂತೆ. ಎಲ್ಲರೂ ಮುದ್ದಾಗಿದೆ ಎಂದರಂತೆ. ಆಮೇಲೆ ಮೂರನ್ನೂ ಬಿಟ್ಟು ನಾಲ್ಕನೆಯದನ್ನು ಬರೆಸುವುದೆಂದು ತೀರ್ಮಾನವಾಯಿತಂತೆ. ಹೇಗಿರುತ್ತದಂತೆ ಅಂದೆ.

"ಹಲ್ಲೂ ಕಾಣಬೇಕಂತಪ್ಪ."