ಕೂಸಿಗೊಂದು ಕರಾರು

ನಮ್ಮ ಪಂಚನಹಳ್ಳಿ ಕಡೆ ಕರಾರು ಎಂದರೆ ಜನಕ್ಕೆ ಮೊದಲು ನೆನಪಾಗುವುದು ತೆಂಗಿನ ತೋಟ. ತೋಟದ ಕಾಯಿ ಗುತ್ತಿಗೆ ಕೊಡುವಾಗ, ಹೊಲ ಭೋಗ್ಯಕ್ಕೆ ಹಾಕುವಾಗ, ಅಣ್ಣತಮ್ಮಂದಿರು ಭಾಗವಾಗುವಾಗ ಕಾಗದ ಬರೆಯುತ್ತಾರೆ. ನಾಲ್ಕು ಜನ ಸಾಕ್ಷಿ, ರುಜು, ಆಮೇಲೆ ಒಂದು ಸುತ್ತು ಕಾಫಿ. ಕಾಫಿ ಕೊಡುವುದನ್ನು ಬಿಟ್ಟರೆ ಉಳಿದದ್ದೆಲ್ಲ ಗಂಡಸರ ಕೆಲಸ. ಹೆಂಗಸರ ನಡುವಿನ ವ್ಯವಹಾರಕ್ಕೆ ಕಾಗದ ಎಲ್ಲಿದೆ ಹೇಳಿ? ಒಂದು ಲೋಟ ಸಕ್ಕರೆ ಕಡ ತಂದರೆ, ಹೆಪ್ಪಿಗೆ ಚಮಚ ಮೊಸರು ಕೇಳಿದರೆ, ಸಂತೆಗೆ ಹೋಗುವಾಗ "ಸ್ವಲ್ಪ ಮಗೂನ ನೋಡ್ಕಳಿ" ಎಂದು ಕೂಸನ್ನು ತಂದು ನಮ್ಮ ತೊಡೆಯ ಮೇಲೆ ಕೂರಿಸಿದರೆ, ಅದನ್ನೆಲ್ಲ ಯಾರೂ ಎಲ್ಲೂ ಬರೆದಿಡುವುದಿಲ್ಲ. ಮನಸ್ಸಿನಲ್ಲಿ ಮಾತ್ರ ಎಲ್ಲರೂ ಲೆಕ್ಕ ಇಟ್ಟಿರುತ್ತಾರೆ, ಅದು ಬೇರೆ ಮಾತು.

ಆದರೆ ಆ "ಸ್ವಲ್ಪ" ಎನ್ನುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ಬೆಳೆದು, ವಾರಕ್ಕೆ ಆರು ದಿನ ಆದರೆ? ನನಗೆ ಎದುರಾದದ್ದು ಇದೇ ಪ್ರಶ್ನೆ. ನಮ್ಮದು ಹೋಬಳಿ ಕೇಂದ್ರ. ಶಾಲೆ, ಆಸ್ಪತ್ರೆ, ಬ್ಯಾಂಕು ಎಂದು ಹೊರಗಿನಿಂದ ಕೆಲಸಕ್ಕೆ ಬಂದು ಮನೆ ಮಾಡಿಕೊಂಡಿರುವ ಹೆಣ್ಣುಮಕ್ಕಳಿದ್ದಾರೆ. ಅವರ ಅತ್ತೆ ಒಂದೂರಿನಲ್ಲಿ, ಅಮ್ಮ ಇನ್ನೊಂದೂರಿನಲ್ಲಿ. ಇಲ್ಲಿಂದ ಬಸ್ಸು ಹಿಡಿದು ಕಡೂರಿಗೋ ತಿಪಟೂರಿಗೋ ಹೋಗಿಬರುವವರೂ ಇದ್ದಾರೆ. ನನ್ನ ಇಬ್ಬರು ಮಕ್ಕಳೂ ಮದುವೆಯಾಗಿ ಹೋದ ಮೇಲೆ ನಮ್ಮ ಹಜಾರ ಖಾಲಿ ಬಿದ್ದಿತ್ತು. ಮೊದಲು ಪಕ್ಕದ ಬೀದಿಯ ಟೀಚರು ಕೇಳಿದರು, ಆಮೇಲೆ ನರ್ಸಮ್ಮ. "ದುಡ್ಡು ಎಷ್ಟು ಅಂತ ಹೇಳಿ ಅಕ್ಕ, ಸುಮ್ನೆ ಬಿಟ್ಟು ಹೋಗಕ್ಕೆ ನಮಗೂ ಮುಜುಗರ" ಎಂದು ಅವರೇ ಬಾಯಿ ತೆರೆದರು.

ಬೆಂಗಳೂರಿನಲ್ಲಿರುವ ನನ್ನ ಮಗಳು ತನ್ನ ಮಗುವನ್ನು ಬಿಡುವ ಕಡೆ ಕೊಟ್ಟಿದ್ದ ಕಾಗದವನ್ನು ಫೋನಿಗೆ ಕಳಿಸಿದಳು. ಇಂಗ್ಲಿಷಿನಲ್ಲಿ ಎಂಟು ಪುಟ! ನಮ್ಮನೆಯವರು ಕನ್ನಡಕ ಏರಿಸಿಕೊಂಡು ಓದಿ, "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಇನ್ನೂ ಒಂದು ಮಗುವೂ ಬಂದಿಲ್ಲ" ಎಂದು ನಕ್ಕರು. ನಾನು ಮಾತ್ರ ನಗಲಿಲ್ಲ. ಮಗು ಬಂದ ಮೇಲೆ ಕುಲಾವಿ ಹೊಲಿಯಲು ಯಾರಿಗೆ ಪುರುಸೊತ್ತು? ಒಂದು ಮಗು ಅಳುತ್ತಿರುವಾಗ, ಇನ್ನೊಂದು ಚಡ್ಡಿ ಒದ್ದೆ ಮಾಡಿಕೊಂಡಿರುವಾಗ, ಜ್ವರ ಬಂದ ಮಗುವನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಚರ್ಚೆ ಮಾಡಲಾಗುವುದಿಲ್ಲ.

ಮಗುವನ್ನು ನೋಡಿಕೊಳ್ಳುವುದು ಕೆಲಸ, ಅದಕ್ಕೊಂದು ನಿಯಮ ಬೇಕು ಎಂಬುದು ಹೊಸ ಮಾತೇನೂ ಅಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಮಲೆನಾಡಿನ ಭಾಗದಲ್ಲಿ ಕಾಫಿ ತೋಟಗಳು, ನಮ್ಮ ಕಡೂರು ಕಡೆ ಬಯಲು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕು ಎಂದಿತ್ತು. ಕಾರ್ಖಾನೆಗಳಿಗೆ 1948ರ ಕಾಯ್ದೆಯಲ್ಲೇ ಇಂಥ ಮಾತಿತ್ತು. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ನನಗೆ ಬಹಳ ಹಿಡಿಸಿದ್ದು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿದ್ದ ಒಂದು ಸಾಲು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳೋ ಹೆಚ್ಚೋ ಬಂದರೆ, ಕೂಲಿಗೆ ಬಂದ ಹೆಂಗಸರಲ್ಲೇ ಒಬ್ಬಳನ್ನು ಮಕ್ಕಳ ಬಳಿ ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಎಂದಿತ್ತು ಅದು. ಮಣ್ಣು ಹೊರುವವಳದು ಹೇಗೆ ಕೆಲಸವೋ ಮಗು ಹೊರುವವಳದೂ ಹಾಗೆಯೇ ಕೆಲಸ ಎಂದ ಹಾಗಾಯಿತಲ್ಲ! 2023ರಲ್ಲಿ ರಾಜ್ಯ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿ ತಾಯಂದಿರ ಪುಟ್ಟ ಮಕ್ಕಳಿಗೆ 'ಕೂಸಿನ ಮನೆ' ತೆರೆಯುವುದಾಗಿ ಸಾರಿದಾಗ, ಆ ಹೆಸರು ಕೇಳಿಯೇ ನನಗೆ ಖುಷಿಯಾಗಿತ್ತು. ಆದರೆ ಮನೆಯ ಹಜಾರದಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವ ನನ್ನಂಥವಳಿಗೆ ದಾರಿ ತೋರಿಸುವ ಸಾಲು ಇವುಗಳಲ್ಲಿ ಸಿಗಲಿಲ್ಲ. ನಮ್ಮ ಸಾಲುಗಳನ್ನು ನಾವೇ ಬರೆದುಕೊಳ್ಳಬೇಕಾಯಿತು.

ಮೊದಲು ಬರೆದದ್ದು ಸಂಖ್ಯೆ. ನಾಲ್ಕು ಮಕ್ಕಳು, ಐದನೆಯದಿಲ್ಲ. ನಾಲ್ಕೇ ಯಾಕೆ ಎಂದು ಕೇಳಿದವರಿಗೆ ನನ್ನ ಲೆಕ್ಕ ಇಷ್ಟೆ: ಮನೆಗೆ ಬೆಂಕಿ ಬಿತ್ತು ಅನ್ನಿ, ಎರಡು ಮಕ್ಕಳನ್ನು ಎರಡು ಕಂಕುಳಲ್ಲಿ ನಾನು ಎತ್ತಿಕೊಳ್ಳಬಲ್ಲೆ, ಇನ್ನೆರಡನ್ನು ನಮ್ಮನೆಯವರು. ಐದನೆಯದನ್ನು ಯಾರು ಎತ್ತಬೇಕು?

ಬೆಂಗಳೂರಿನ ಕಾಗದದಲ್ಲಿ ದಪ್ಪ ಅಕ್ಷರದ ಒಂದು ಸಾಲಿತ್ತು. ಮಗುವಿಗೆ ಏನಾದರೂ ಆದರೆ ಸಂಸ್ಥೆ ಜವಾಬ್ದಾರಿಯಲ್ಲ, ಅಂತ. ಪರಿಚಯದ ವಕೀಲರನ್ನು ಕೇಳಿದೆ. "ಹಾಗೆ ಬರೆದುಕೊಂಡ ಮಾತ್ರಕ್ಕೆ, ನಿಮ್ಮ ಅಜಾಗರೂಕತೆಯಿಂದ ಆದದ್ದರಿಂದ ನೀವು ಪಾರಾಗುತ್ತೀರಿ ಅಂತ ನಂಬಿಕೊಂಡು ಕೂರಬೇಡಿ ತಾಯಿ" ಎಂದರು. ಆ ಸಾಲು ಕೈಬಿಟ್ಟು, ಅದರ ಬದಲು ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಸಿದೆ. ಹಿತ್ತಲಿನ ತೆಂಗಿನ ಮರದ ಕೆಳಗೆ ಮಕ್ಕಳು ಹೋಗದ ಹಾಗೆ ಬೇಲಿ ಕಟ್ಟಿಸಿದೆ. ಕಾಯಿ, ಗರಿ ಯಾವಾಗ ಬೀಳುತ್ತದೆ ಎಂದು ಮರ ಹೇಳಿ ಕೆಡವುವುದಿಲ್ಲವಲ್ಲ. ಅವರೇ ಇನ್ನೊಂದು ಮಾತು ಹೇಳಿದರು. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ ವಯಸ್ಸಿಗೆ ಬಾರದವರು ಕರಾರು ಮಾಡಲಾರರಂತೆ. ಯಾರ ಸಲುವಾಗಿ ಇಷ್ಟೆಲ್ಲ ಬರೆಯುತ್ತೇವೋ ಅವರೊಬ್ಬರ ರುಜು ಮಾತ್ರ ಇಲ್ಲದ ಕಾಗದ ಇದು. ಅದಕ್ಕೇ ಅದನ್ನು ಇನ್ನೂ ಎಚ್ಚರದಿಂದ ಬರೆಯಬೇಕು ಅನ್ನಿಸಿತು.

ಆಮೇಲೆ ಊಟದ ಮಾತು. ಊರಲ್ಲಿ ಅತಿ ಸೂಕ್ಷ್ಮವಾದದ್ದು ಇದೇ ಅಲ್ಲವೇ? ಯಾರ ಮನೆಯ ಅನ್ನ ಯಾರ ಮಗು ತಿನ್ನಬಹುದು ಎಂದು ಎದುರಿಗೆ ಯಾರೂ ಕೇಳುವುದಿಲ್ಲ, ಹಿಂದೆ ಎಲ್ಲರೂ ಕೇಳುತ್ತಾರೆ. ಹಾಗಾಗಿ ಹೀಗೆ ಬರೆದೆ: ಊಟ ಅವರವರ ಮನೆಯ ಡಬ್ಬಿ, ನಮ್ಮಲ್ಲಿ ಬಿಸಿ ಮಾಡಿ ಕೊಡುವುದು. ಕುದಿಸಿ ಆರಿಸಿದ ನೀರು, ರಾಗಿ ಗಂಜಿ, ಬಾಳೆಹಣ್ಣು ನಮ್ಮದು. ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ತಿನ್ನುವುದು. ಯಾರ ಡಬ್ಬಿಯಲ್ಲಿ ಮೊಟ್ಟೆಯಿದ್ದರೂ ಆ ಸಾಲಿನಿಂದ ಯಾರನ್ನೂ ಎಬ್ಬಿಸುವುದಿಲ್ಲ. ಈ ಕೊನೆಯ ಮಾತಿಗೆ ಒಪ್ಪದ ಒಂದು ಮನೆಯವರು ಮಗುವನ್ನು ಸೇರಿಸಲಿಲ್ಲ. ಬೇಸರವಾಯಿತು, ಆದರೆ ಮಗು ಬಂದು ಹೊಂದಿಕೊಂಡ ಮೇಲೆ ಕಿತ್ತುಕೊಂಡು ಹೋಗುವುದಕ್ಕಿಂತ ಇದೇ ವಾಸಿ.

ಔಷಧದ ಸಾಲಿಗೆ ಅಜ್ಜಿಯರ ಕಡೆಯಿಂದ ಗದ್ದಲವಾಯಿತು. ತಾಯಿ ಬರೆದುಕೊಡದೆ ಯಾವ ಔಷಧವನ್ನೂ ಹಾಕುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕ ನೋಡಿ ಡಾಕ್ಟರು ಬರೆದಷ್ಟೇ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದಿಲ್ಲ, ಅದರಿಂದ ಎಳೆಯ ಕೂಸಿಗೆ ಅಪಾಯವಾಗಬಹುದು ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಕಡಲೆಬೀಜ, ಹುರಿಗಡಲೆ ಹಜಾರದೊಳಕ್ಕೇ ಬರುವಂತಿಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಕೈಕಾಲಿಗೆ, ಕಿವಿಗೆ ಚಿನ್ನ ಹಾಕಿ ಕಳಿಸಬೇಡಿ, ಬೆಳ್ಳಿ ಉಡಿದಾರವೊಂದು ಇರಲಿ. ಇದನ್ನು ಓದಿಸಿಕೊಂಡ ಒಬ್ಬ ಅಜ್ಜಿ, "ಅಲ್ಲ ಕಣಮ್ಮ, ನಾವು ಏಳು ಮಕ್ಕಳ ಸಾಕಿದ್ವಿ, ಯಾವ ಕಾಗ್ದ ಇತ್ತು? ಮಗ ಆಡ್ಸಕ್ಕೂ ಪತ್ರ ಮಾಡ್ಸಬೇಕಾ?" ಎಂದು ನನ್ನನ್ನೇ ಕೇಳಿದರು. "ನಿಮ್ಮ ಮಕ್ಕಳನ್ನ ನೀವು ಸಾಕಿದ್ರಿ ಅಜ್ಜಿ. ನಿಮ್ಮ ಮೊಮ್ಮಗನ್ನ ನಾನು ನೋಡ್ಕಬೇಕಲ್ಲ, ಅದಕ್ಕೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ದೃಷ್ಟಿ ಬೊಟ್ಟು ಇಡ್ಬೋದೋ ಇಲ್ವೋ, ಅದನ್ನೂ ಬರಿ" ಎಂದರು. ಬರೆದೆ. ಕೆನ್ನೆಗೆ ಇಡಬಹುದು, ಕಣ್ಣೊಳಗೆ ಕಾಡಿಗೆ ಬೇಡ.

ಇಷ್ಟರಲ್ಲಿ ತೀರಾ ಚಿಕ್ಕದಾಗಿ ಕಂಡ ಸಾಲೊಂದಿತ್ತು. ಸಂಜೆ ಮಗುವನ್ನು ಯಾರ ಕೈಗೆ ಕೊಡಬೇಕು? ಮೂರು ಹೆಸರು ಬರೆದು ತಾಯಿ ರುಜು ಹಾಕಬೇಕು. ಆ ಮೂವರನ್ನು ಬಿಟ್ಟು ಬೇರೆಯವರು ಬಂದರೆ, ಫೋನಿನಲ್ಲಿ ತಾಯಿಯ ದನಿ ಕೇಳದೆ ಮಗುವನ್ನು ಕಳಿಸುವುದಿಲ್ಲ. ಎಲ್ಲರೂ ತಟತಟನೆ ಅಜ್ಜ, ಚಿಕ್ಕಪ್ಪ, ಅತ್ತೆ ಎಂದು ಬರೆದರು. ಒಬ್ಬ ತಾಯಿ ಮಾತ್ರ ತನ್ನ ಹೆಸರು, ತನ್ನ ತಮ್ಮನ ಹೆಸರು ಬರೆದು ಮೂರನೆಯ ಗೆರೆಯನ್ನು ಖಾಲಿ ಬಿಟ್ಟಳು. ನಾನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆ ಮಗುವಿನ ತಂದೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಬಣ್ಣದ ಚೆಂಡು. "ನನ್ನ ಮಗ. ಕರ್ಕೊಂಡು ಹೋಗಕ್ಕೆ ಬಂದಿದೀನಿ" ಎಂದರು. ಮಗು ನಿದ್ದೆಯಲ್ಲಿತ್ತು. ಕೂರಿಸಿ ನೀರು ಕೊಟ್ಟೆ, ಕಾಗದ ತೋರಿಸಿದೆ. "ಅಪ್ಪನ ಹೆಸರು ಬರೆಯೋದಕ್ಕೂ ಪರ್ಮಿಶನ್ ಬೇಕಾ?" ಎಂದು ಅವರ ದನಿ ಏರಿತು. "ಮಗು ನಿಮ್ಮದೇ. ಇಲ್ಲ ಅಂದೋರು ಯಾರು? ಆದರೆ ಬೆಳಿಗ್ಗೆ ನನ್ನ ಕೈಗೆ ಕೊಟ್ಟೋರು ಬೇರೆ. ಅವರಿಗೊಂದು ಮಾತು ಹೇಳ್ತೀನಿ, ಕೂತ್ಕಳಿ" ಎಂದು ಒಳಗೆ ಹೋಗಿ ಫೋನು ಮಾಡಿದೆ. ನನ್ನ ಕೈ ನಡುಗುತ್ತಿದ್ದದ್ದು ಅವರಿಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.

ನನ್ನ ಹಾಳೆ ಕಾನೂನಿಗಿಂತ ದೊಡ್ಡದಲ್ಲ ಎಂದು ನನಗೆ ಗೊತ್ತಿತ್ತು. 1956ರ ಹಿಂದೂ ಅಪ್ರಾಪ್ತರ ಪೋಷಕತ್ವದ ಕಾಯ್ದೆ ತಂದೆಯನ್ನು ಸಹಜ ಪೋಷಕ ಎನ್ನುತ್ತದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು ಎಂದೂ ಅದೇ ಹೇಳುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ತಂದೆಯ ರುಜು ಬೇಕೆಂದು ಕೇಳಿದ್ದರು. ಆ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, 'ನಂತರ' ಎಂದರೆ ತಂದೆ ಸತ್ತ ನಂತರ ಎಂದೇ ಅಲ್ಲ, ತಂದೆ ಮಗುವಿನ ಹೊಣೆ ನೋಡಿಕೊಳ್ಳದಿದ್ದಾಗ ಅವನಿರುವಾಗಲೇ ತಾಯಿ ಪೋಷಕಿಯಾಗಬಹುದು ಎಂದಿತು. ದೊಡ್ಡ ದೊಡ್ಡವರು ವರ್ಷಗಟ್ಟಲೆ ವಾದಿಸಿದ ಪ್ರಶ್ನೆ ನಮ್ಮ ಜಗಲಿಗೆ ಬಂದು ಕೂತಿತ್ತು. ಅದನ್ನು ತೀರ್ಮಾನ ಮಾಡುವವಳು ನಾನಲ್ಲ. ನನ್ನ ಕಾಗದ ಕೊಟ್ಟದ್ದು ಹತ್ತು ನಿಮಿಷದ ವ್ಯವಧಾನ, ಅಷ್ಟೆ. ಆ ಹತ್ತು ನಿಮಿಷದಲ್ಲಿ ತಾಯಿ ಓಡುತ್ತಾ ಬಂದಳು. ಇಬ್ಬರೂ ಅಂಗಳದಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸದಿರಲೆಂದೇ ಮಿಕ್ಸಿ ಹಾಕಿದೆ. ಆ ದಿನ ಮಗು ತಾಯಿಯ ಜೊತೆ ಹೋಯಿತು.

ಮೂರು ವಾರ ಕಳೆದ ಮೇಲೆ ಅವಳೇ ಕಾಗದ ಕೇಳಿ ತೆಗೆದುಕೊಂಡು, ಖಾಲಿ ಬಿಟ್ಟಿದ್ದ ಗೆರೆಯಲ್ಲಿ ಅವರ ಹೆಸರು ಬರೆದಳು. ಪಕ್ಕದಲ್ಲಿ, 'ಶನಿವಾರ ಮಾತ್ರ, ಎರಡು ಗಂಟೆಯ ಮೇಲೆ' ಎಂದು ಸೇರಿಸಿ ರುಜು ಹಾಕಿದಳು. ಕಾಗದವೆಂದರೆ ಅಪನಂಬಿಕೆ ಎನ್ನುವವರಿಗೆ ಆ ಗೆರೆಯನ್ನು ತೋರಿಸಬೇಕು ಅನ್ನಿಸುತ್ತದೆ. ನಂಬಿಕೆ ಎಷ್ಟು ಉಳಿದಿದೆಯೋ ಅಷ್ಟನ್ನು ಬರೆದಿಡಲು ಅವಳಿಗೊಂದು ಜಾಗ ಬೇಕಿತ್ತು.

ಇನ್ನು ದುಡ್ಡು. ತಿಂಗಳಿಗೆ 2000 ರೂಪಾಯಿ, ಐದನೇ ತಾರೀಖಿನೊಳಗೆ. ಮಗು ಬಾರದ ದಿನಕ್ಕೆ ಕಡಿತವಿಲ್ಲ. ಬಿಡಿಸುವುದಾದರೆ ಒಂದು ತಿಂಗಳು ಮುಂಚೆ ಹೇಳಬೇಕು. ಗುತ್ತಿಗೆ ಹಿಡಿದವನು ಕಾಯಿ ಕೀಳಿಸದಿದ್ದರೂ ತೋಟದವನಿಗೆ ದುಡ್ಡು ಕೊಡುವುದಿಲ್ಲವೇ? ನಮ್ಮನೆಯವರು ಕೂತು ಲೆಕ್ಕ ಹಾಕಿದರು. ದಿನಕ್ಕೆ ಎಂಟೂವರೆ ಗಂಟೆ, ತಿಂಗಳಿಗೆ 26 ದಿನ, ಒಟ್ಟು 221 ಗಂಟೆ. ಒಂದು ಮಗುವಿಗೆ ಗಂಟೆಗೆ ಒಂಬತ್ತು ರೂಪಾಯಿ! "ಒಂದು ಎಳನೀರಿನ ಬೆಲೆಯೂ ಇಲ್ಲವಲ್ಲೇ" ಎಂದರು. ಹೌದು, ಆದರೆ ಹೋದ ವರ್ಷದವರೆಗೆ ಈ ಕೆಲಸಕ್ಕೆ ಬೆಲೆಯೇ ಇರಲಿಲ್ಲ.

ದುಡ್ಡಿಗೆ ಯಾರೂ ಚೌಕಾಸಿ ಮಾಡಲಿಲ್ಲ. ತಕರಾರು ಬಂದದ್ದು ಹನ್ನೆರಡನೆಯ ಸಾಲಿಗೆ: ನೋಡಿಕೊಳ್ಳುವವರಿಗೆ ವರ್ಷಕ್ಕೆ ಹನ್ನೆರಡು ದಿನ ರಜೆ, ಹಬ್ಬ ಜಾತ್ರೆಗಳು ಬೇರೆ. "ನೀವು ನಮ್ಮ ಮಕ್ಕಳಿಗೆ ಅಮ್ಮ ಇದ್ದ ಹಾಗೆ. ಅಮ್ಮನಿಗೆ ಎಲ್ಲಿಯ ರಜೆ ಅಕ್ಕ?" ಎಂದು ಟೀಚರು ಪ್ರೀತಿಯಿಂದಲೇ ಹೇಳಿದರು. ಈ ಪ್ರೀತಿಯ ಮಾತೇ ನಮ್ಮನ್ನು ಎಷ್ಟು ವರ್ಷದಿಂದ ಪುಕ್ಕಟೆ ದುಡಿಸಿದೆ ಎಂದು ನಿಮಗೂ ಗೊತ್ತು. "ನಾನು ಅಮ್ಮ ಅಲ್ಲ ಟೀಚರೇ. ಅಮ್ಮ ನೀವು. ನಾನು ನೋಡ್ಕೊಳ್ಳೋಳು. ನಿಮ್ಮ ಶಾಲೆಯಲ್ಲಿ ನಿಮಗೆ ರಜೆ ಇದೆಯೋ ಇಲ್ಲವೋ?" ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ಪೆನ್ನು ತೆಗೆದರು. ಮಿಕ್ಕವರೂ ರುಜು ಹಾಕಿದರು.

ಗೌರಿ ಹಬ್ಬಕ್ಕೆ ಮೂರು ದಿನ ಬಾಗಿಲು ಹಾಕಿಕೊಂಡು ತವರಿಗೆ ಹೋಗುವವಳಿದ್ದೇನೆ. ಬಾಗಿನ ಕೊಡಲು ಅಣ್ಣ ಬರುವವರೆಗೆ ಕಾಯುವುದಿಲ್ಲ, ನಾನೇ ಮುಂಚೆ ಹೋಗುತ್ತೇನೆ. ಯಾರೂ ಏನೂ ಅನ್ನುವ ಹಾಗಿಲ್ಲ, ಕಾಗದದಲ್ಲಿದೆ.